ಮನೆಯಲ್ಲೇ ಮಾರ್ಟಿನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಟಿನಿ ಎಂಬ ಕಾಕ್‌ಟೇಲ್‌ಗೆ ಬೇಕಾಗುವುದು ಎರಡು ಬಾಟಲಿ, ಒಂದಿಷ್ಟು ಐಸ್, ಒಂದು ಚೂರು ನಿಂಬೆ ಸಿಪ್ಪೆ. ಇದರಲ್ಲಿ ಜ್ಯೂಸ್ ಇಲ್ಲ, ಸೋಡಾ ಇಲ್ಲ, ಸಕ್ಕರೆ ಇಲ್ಲ. ಹಾಗಾಗಿ ಚಿಕ್ಕ ತಪ್ಪೂ ನಾಲಿಗೆಗೆ ಗೊತ್ತಾಗುತ್ತದೆ. ಮನೆಗೆ ಬಂದ ಸ್ನೇಹಿತರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಮನೆಯಲ್ಲಿ ಮಾಡಿದ ಮಾರ್ಟಿನಿ ಕೆಡುವುದು ಹೆಚ್ಚಾಗಿ ಎರಡೇ ಕಾರಣಕ್ಕೆ ಅಂತ ನನಗೆ ಅನ್ನಿಸಿದೆ. ಒಂದು, ಹಳಸಿದ ವರ್ಮೂತ್ (ಗಿಡಮೂಲಿಕೆ ನೆನೆಸಿದ ವೈನ್). ಇನ್ನೊಂದು, ಸರಿಯಾಗಿ ತಣ್ಣಗಾಗದೇ ಇರುವುದು.

ಮಾರ್ಟಿನಿ ಅಂದರೆ ನಿಜವಾಗಿ ಏನು?

ಜಿನ್ ಮತ್ತು ಡ್ರೈ, ಅಂದರೆ ಸಿಹಿಯಿಲ್ಲದ, ವರ್ಮೂತ್ ಎರಡನ್ನೂ ಐಸ್ ಜೊತೆ ಕಲಕಿ, ಐಸ್ ಸೋಸಿ, ತಣ್ಣನೆಯ ಗ್ಲಾಸಿಗೆ ಸುರಿದದ್ದು. ಮೇಲೆ ನಿಂಬೆ ಸಿಪ್ಪೆ ಅಥವಾ ಹಸಿರು ಆಲಿವ್. ಇಷ್ಟೇ. ಗ್ಲಾಸಿನಲ್ಲಿ ಐಸ್ ಉಳಿಯುವುದಿಲ್ಲ.

ಅಂಗಡಿಯಲ್ಲಿ ‘ಮಾರ್ಟಿನಿ’ ಅಂತಲೇ ಬರೆದ ಬಾಟಲಿ ಇರುತ್ತದಲ್ಲ, ಅದೇನು?

ಅದು ವರ್ಮೂತ್. ಇಟಲಿಯ ಟ್ಯೂರಿನ್ ಕಡೆಯ ‘ಮಾರ್ಟಿನಿ ಅಂಡ್ ರೊಸ್ಸಿ’ ಎಂಬ ಹಳೆಯ ಕಂಪನಿಯದು. ಕಾಕ್‌ಟೇಲ್ ಹೆಸರೂ ಬ್ರ್ಯಾಂಡ್ ಹೆಸರೂ ಒಂದೇ ಆಗಿರುವುದರಿಂದ ತುಂಬಾ ಜನ ಗೊಂದಲಪಡುತ್ತಾರೆ. ರೆಡಿ ಮಾರ್ಟಿನಿ ಅಂದುಕೊಂಡು ತಂದು, ಹಾಗೇ ಕುಡಿದು, ‘ಇದೇನಾ?’ ಅಂತ ಬೇಸರಪಟ್ಟವರನ್ನು ನೋಡಿದ್ದೇನೆ. ಬಾಟಲಿಯ ಮೇಲೆ ‘ಎಕ್ಸ್‌ಟ್ರಾ ಡ್ರೈ’ ಅಂತ ಇದ್ದರೆ ನಮ್ಮ ಕೆಲಸಕ್ಕೆ ಸರಿ. ‘ರೊಸ್ಸೊ’ ಕೆಂಪು ಬಣ್ಣದ್ದು, ಸಿಹಿ. ‘ಬಿಯಾಂಕೊ’ ನೋಡಲು ಬಿಳಿ, ಆದರೆ ಅದೂ ಸಿಹಿಯೇ. ಬಣ್ಣ ನೋಡಿ ಮೋಸ ಹೋಗಬೇಡಿ, ಚೀಟಿ ಓದಿ ತನ್ನಿ.

ಹಾಗಾದರೆ ಅಳತೆ ಹೇಳಿ.

ನಾನು ಮಾಡುವುದು ಹೀಗೆ:

ಜಿನ್ – 60 ಮಿ.ಲೀ.
ಡ್ರೈ ವರ್ಮೂತ್ – 15 ಮಿ.ಲೀ.
ಆರೆಂಜ್ ಬಿಟರ್ಸ್ (ಕಿತ್ತಳೆ ಘಮದ ಕಹಿ ಸಾರ) – ಸಿಕ್ಕಿದರೆ ಒಂದೆರಡು ಹನಿ
ನಿಂಬೆ ಸಿಪ್ಪೆ – ಹೆಬ್ಬೆರಳಿನಷ್ಟು ಅಗಲದ್ದು

ಮೊದಲು ಗ್ಲಾಸನ್ನು ಫ್ರೀಜರ್‌ನಲ್ಲಿ ಕನಿಷ್ಠ ಕಾಲು ಗಂಟೆ ಇಡಿ. ಇದನ್ನು ಮಾತ್ರ ಬಿಡಬೇಡಿ. ಇನ್ನೊಂದು ದೊಡ್ಡ ಲೋಟಕ್ಕೆ ಜಿನ್, ವರ್ಮೂತ್, ಬಿಟರ್ಸ್ ಹಾಕಿ. ಅದರ ಮೇಲೆ ಲೋಟದ ಮುಕ್ಕಾಲು ಭಾಗ ಐಸ್ ತುಂಬಿ. ಉದ್ದನೆಯ ಚಮಚದಿಂದ ಅರ್ಧ ನಿಮಿಷ ಕಲಕಿ. ಚಮಚದ ಬೆನ್ನು ಲೋಟದ ಗೋಡೆಗೆ ತಾಗಿಕೊಂಡೇ ಸುತ್ತಬೇಕು, ಆಗ ಐಸ್ ಒಡೆಯುವುದಿಲ್ಲ. ಲೋಟದ ಹೊರಗೆ ಮಂಜು ಹಿಡಿದು, ಹಿಡಿದ ಕೈ ಕೊರೆಯಲು ಶುರುವಾದರೆ ಆಯಿತು. ಸೋಸಿ ಗ್ಲಾಸಿಗೆ ಸುರಿಯಿರಿ. ಸಿಪ್ಪೆಯನ್ನು ಮೇಲೆ ಹಿಡಿದು ಹಿಂಡಿ, ಗ್ಲಾಸಿನ ಅಂಚಿಗೆ ಸವರಿ, ಒಳಗೆ ಬಿಡಿ.

ನೀವು ಹಾಕಿದ್ದು 75 ಮಿ.ಲೀ. ಗ್ಲಾಸಿಗೆ ಬರುವುದು ನೂರರ ಹತ್ತಿರ. ಉಳಿದದ್ದು ಐಸ್ ಕರಗಿದ ನೀರು. ಅದು ಕಲಬೆರಕೆಯಲ್ಲ, ಮಾರ್ಟಿನಿಯ ಮೂರನೇ ಸಾಮಾನು. ಆ ನೀರಿಲ್ಲದಿದ್ದರೆ ಜಿನ್ ಗಂಟಲು ಸುಡುತ್ತದೆ, ಪರಿಮಳ ಬಿಚ್ಚಿಕೊಳ್ಳುವುದಿಲ್ಲ.

ವರ್ಮೂತ್ ಹಾಕದೇ ಇದ್ದರೆ ಆಗಲ್ವಾ?

ಆಗ ನೀವು ಕುಡಿಯುತ್ತಿರುವುದು ತಣ್ಣನೆಯ ಜಿನ್. ಅದೂ ಚೆನ್ನಾಗಿರಬಹುದು, ಆದರೆ ಮಾರ್ಟಿನಿ ಅಲ್ಲ.

ವರ್ಮೂತ್ ಅಂದರೆ ಸ್ವಲ್ಪ ಸ್ಪಿರಿಟ್ ಸೇರಿಸಿ ಗಟ್ಟಿ ಮಾಡಿದ ವೈನ್. ಅದರಲ್ಲಿ ಬೇರು, ತೊಗಟೆ, ಹೂವು, ಸೊಪ್ಪು ನೆನೆಸಿರುತ್ತಾರೆ. ಅದರಲ್ಲಿ ಮುಖ್ಯವಾದದ್ದು ಮಾಚಿಪತ್ರೆಯ ಜಾತಿಯ ಒಂದು ಕಹಿ ಗಿಡ. ಜರ್ಮನ್ ಭಾಷೆಯಲ್ಲಿ ಆ ಗಿಡಕ್ಕೆ ‘ವೆರ್ಮುಟ್’ ಅನ್ನುತ್ತಾರೆ, ಹೆಸರು ಬಂದಿದ್ದು ಅಲ್ಲಿಂದಲೇ. ಟ್ಯೂರಿನ್‌ನಲ್ಲಿ 1786ರಲ್ಲಿ ಆಂಟೋನಿಯೊ ಬೆನೆಡೆಟ್ಟೊ ಕಾರ್ಪಾನೊ ಮಾರಿದ ಸಿಹಿ ವರ್ಮೂತ್‌ನಿಂದ ಈಗಿನ ವರ್ಮೂತ್ ಕಥೆ ಶುರು. ಡ್ರೈ ವರ್ಮೂತ್ ಫ್ರಾನ್ಸಿನದು. ಅಲ್ಲಿ ಜೋಸೆಫ್ ನ್ವಾಯಿ ಅದನ್ನು ಮಾಡಿದ್ದು 1813ರಲ್ಲಿ. ಇಂದಿಗೂ ನ್ವಾಯಿ ಪ್ರಾ ಎಂಬ ಹೆಸರಿನಲ್ಲಿ ಸಿಗುತ್ತದೆ.

ಜಿನ್‌ನ ಚೂಪನ್ನು ಇಳಿಸಿ, ಬಾಯಿಗೆ ಒಂದು ಮೆತ್ತನೆ ಕೊಡುವುದು ವರ್ಮೂತ್. ‘ವರ್ಮೂತ್ ಬಾಟಲಿಯ ನೆರಳು ಬಿದ್ದರೆ ಸಾಕು’ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದು ಪಾಲಿಗೆ ಒಂದು, ಎರಡಕ್ಕೆ ಒಂದು ಅಂತ ಹಾಕುತ್ತಿದ್ದರು. ಬರಬರುತ್ತಾ ಕಡಿಮೆಯಾಗಿ ಹತ್ತಕ್ಕೆ ಒಂದು, ಆಮೇಲೆ ಬರೀ ಗ್ಲಾಸ್ ತೊಳೆಯುವಷ್ಟು ಆಯಿತು. ಹಳಸಿದ ವರ್ಮೂತ್ ಕುಡಿದವರಿಗೆ ಹಾಗೆ ಅನ್ನಿಸಿದ್ದರೆ ತಪ್ಪೇನಿಲ್ಲ. ತಾಜಾ ಬಾಟಲಿ ತೆಗೆದು ಒಮ್ಮೆ ಅದನ್ನೇ ಸುಮ್ನೆ ರುಚಿ ನೋಡಿ. ಅಭಿಪ್ರಾಯ ಬದಲಾಗುತ್ತದೆ.

ತೆರೆದ ವರ್ಮೂತ್ ಎಷ್ಟು ದಿನ ಇರುತ್ತದೆ?

ಫ್ರಿಜ್‌ನಲ್ಲಿ ಇಟ್ಟರೆ ಒಂದು ತಿಂಗಳು ಚೆನ್ನಾಗಿರುತ್ತದೆ. ಎರಡು ತಿಂಗಳವರೆಗೆ ತಳ್ಳಬಹುದು. ಹೊರಗಿಟ್ಟರೆ, ಅದರಲ್ಲೂ ನಮ್ಮ ಬೇಸಿಗೆಯಲ್ಲಿ, ಎರಡು ವಾರಕ್ಕೇ ರುಚಿ ಸಪ್ಪೆಯಾಗಿ ಹುಳಿಯ ಕಡೆ ಹೊರಳುತ್ತದೆ.

ನನ್ನ ಮೊದಲ ವರ್ಮೂತ್ ಬಾಟಲಿ ಹಾಲ್‌ನ ಷೋಕೇಸ್‌ನಲ್ಲಿ ವಿಸ್ಕಿ, ರಮ್ ಪಕ್ಕದಲ್ಲಿ ಒಂದು ವರ್ಷ ನಿಂತಿತ್ತು. ಆ ವರ್ಷ ಮಾಡಿದ ಮಾರ್ಟಿನಿಗಳೆಲ್ಲ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತಿದ್ದವು. ಜಿನ್ ಸರಿಯಿಲ್ಲ ಅಂತ ಎರಡು ಸಲ ಬ್ರ್ಯಾಂಡ್ ಬದಲಿಸಿದೆ. ತಪ್ಪು ಜಿನ್‌ನದಾಗಿರಲಿಲ್ಲ. ವಿಸ್ಕಿಯಲ್ಲಿ ಆಲ್ಕೋಹಾಲ್ ಶೇ. 40 ಅಥವಾ ಇನ್ನೂ ಹೆಚ್ಚು, ಕೆಡುವುದಿಲ್ಲ. ವರ್ಮೂತ್ ಶೇ. 15ರಿಂದ 18, ಅದು ವೈನ್. ಹಾಲು ಎಲ್ಲಿಡುತ್ತೀರೋ ಅಲ್ಲೇ ಅದರ ಜಾಗ. ಸಿಕ್ಕರೆ ಚಿಕ್ಕ ಬಾಟಲಿಯನ್ನೇ ತನ್ನಿ. ತೆರೆದ ತಾರೀಕನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ.

ಯಾವ ಜಿನ್ ತರಲಿ?

‘ಲಂಡನ್ ಡ್ರೈ’ ಅಂತ ಬರೆದದ್ದು ತನ್ನಿ. ಜೂನಿಪರ್ ಕಾಯಿಯ ಪರಿಮಳ ಮುಂದಿರಬೇಕು. ಬೀಫೀಟರ್, ಟ್ಯಾಂಕ್ವೆರೇ, ಗಾರ್ಡನ್ಸ್ ಎಲ್ಲವೂ ಆಗುತ್ತವೆ. ಗೋವಾದಲ್ಲಿ ತಯಾರಾಗುವ ಗ್ರೇಟರ್ ದ್ಯಾನ್ ಲಂಡನ್ ಡ್ರೈ ಬಗೆಯದೇ, ಮೊದಲ ಬಾಟಲಿಗೆ ಅದನ್ನೇ ನಾನು ಹೇಳುವುದು. ಸ್ಟ್ರೇಂಜರ್ ಅಂಡ್ ಸನ್ಸ್‌ನಲ್ಲಿ ನಮ್ಮ ಮಸಾಲೆ ಮತ್ತು ನಿಂಬೆ ಜಾತಿಯ ಸಿಪ್ಪೆಗಳ ಘಮ ಜಾಸ್ತಿ, ಸಿಪ್ಪೆ ಹಾಕುವ ಮಾರ್ಟಿನಿಗೆ ಚೆನ್ನಾಗಿ ಹೊಂದುತ್ತದೆ. ಹಾಪುಸಾದಲ್ಲಿ ಹಿಮಾಲಯದ ಜೂನಿಪರ್ ಇದೆ, ಮಣ್ಣಿನ ಘಮ. ಬಣ್ಣದ ಜಿನ್, ಹಣ್ಣಿನ ರುಚಿ ಸೇರಿಸಿದ ಜಿನ್ ಬೇಡ. ಅವು ಟಾನಿಕ್ ಜೊತೆಗೇ ಇರಲಿ.

ಕಲಕಬೇಕಾ, ಶೇಕ್ ಮಾಡಬೇಕಾ?

ಮಾರ್ಟಿನಿ ಕಲಕಬೇಡಿ, ಶೇಕ್ ಮಾಡಿ ಅನ್ನುವ ಜೇಮ್ಸ್ ಬಾಂಡ್ ಕಾರಣಕ್ಕೆ ಎಲ್ಲರೂ ಕೇಳುವ ಪ್ರಶ್ನೆ ಇದು. ಬರೀ ಮದ್ಯವಿರುವ ಕಾಕ್‌ಟೇಲ್ ಆದರೆ ಕಲಕಬೇಕು. ಜ್ಯೂಸ್, ಕಾಫಿ, ಹಾಲು, ಮೊಟ್ಟೆ ಇದ್ದರೆ ಶೇಕ್ ಮಾಡಬೇಕು. ಬಾರ್‌ಗಳಲ್ಲಿ ನಡೆದುಕೊಂಡು ಬಂದಿರುವ ಪದ್ಧತಿ ಇದೇ.

ಶೇಕ್ ಮಾಡಿದಾಗ ಐಸ್ ಚೂರಾಗುತ್ತದೆ, ಗಾಳಿಯ ಸಣ್ಣ ಗುಳ್ಳೆಗಳು ಸೇರುತ್ತವೆ. ಬೇಗ ತಣ್ಣಗಾಗುತ್ತದೆ ನಿಜ. ಆದರೆ ನೀರೂ ಬೇಗ ಸೇರುತ್ತದೆ, ಮಾರ್ಟಿನಿ ಮಸುಕಾಗುತ್ತದೆ, ಮೇಲೆ ಐಸ್ ಪುಡಿ ತೇಲುತ್ತದೆ. ಕಲಕಿದ ಮಾರ್ಟಿನಿ ಗಾಜಿನಷ್ಟು ತಿಳಿ, ಬಾಯಲ್ಲಿ ರೇಷ್ಮೆ ಜಾರಿದ ಹಾಗೆ. ನನಗೆ ಅದೇ ಬೇಕು. ಶೇಕ್ ಮಾಡಿದ್ದು ನಿಮಗೆ ಇಷ್ಟವಾದರೆ ಮಾಡಿಕೊಳ್ಳಿ, ನಿಮ್ಮ ಮನೆ, ನಿಮ್ಮ ಗ್ಲಾಸ್.

ಐಸ್‌ಗೂ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಖಂಡಿತ. ಫ್ರೀಜರ್‌ನಲ್ಲಿ ಮೀನೋ ಹಸಿ ಮಟನ್ನೋ ಇದ್ದರೆ ಐಸ್ ಆ ವಾಸನೆ ಹೀರಿಕೊಳ್ಳುತ್ತದೆ. ಮಾರ್ಟಿನಿಯಲ್ಲಿ ಅದು ಅಡಗುವುದಿಲ್ಲ. ಮುಚ್ಚಳ ಇರುವ ಟ್ರೇ ತೆಗೆದುಕೊಳ್ಳಿ. ಬೋರ್‌ವೆಲ್ ನೀರು ಬೇಡ, ಕುಡಿಯುವ ಫಿಲ್ಟರ್ ನೀರು ಹಾಕಿ. ಕ್ಯೂಬ್ ದೊಡ್ಡದಿರಲಿ, ಫ್ರೀಜರ್‌ನಿಂದ ಆಗಷ್ಟೇ ತೆಗೆದದ್ದಿರಲಿ. ಆಗಲೇ ಬೆವರುತ್ತಿರುವ ಐಸ್ ಹಾಕಿದರೆ ತಣ್ಣಗಾಗುವ ಮೊದಲೇ ನೀರಾಗುತ್ತದೆ.

ಸರಿಯಾಗಿ ಕಲಕಿದ ಮಾರ್ಟಿನಿ ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಹೋಗುತ್ತದೆ. ಕುಲ್ಫಿ ಮಾಡುವವರು ಐಸ್‌ಗೆ ಉಪ್ಪು ಹಾಕುತ್ತಾರಲ್ಲ, ಇಲ್ಲಿ ಉಪ್ಪಿನ ಕೆಲಸವನ್ನು ಆಲ್ಕೋಹಾಲ್ ಮಾಡುತ್ತದೆ.

ಡ್ರೈ, ವೆಟ್, ಪರ್ಫೆಕ್ಟ್, ಫಿಫ್ಟಿ-ಫಿಫ್ಟಿ: ಏನಿದೆಲ್ಲ?

ಎಲ್ಲವೂ ವರ್ಮೂತ್ ಲೆಕ್ಕ. ವರ್ಮೂತ್ ಕಡಿಮೆ ಇದ್ದರೆ ಡ್ರೈ, ಹೆಚ್ಚಿದ್ದರೆ ವೆಟ್. ಡ್ರೈ ವರ್ಮೂತ್ ಮತ್ತು ಸಿಹಿ ವರ್ಮೂತ್ ಅರ್ಧರ್ಧ ಹಾಕಿದರೆ ಪರ್ಫೆಕ್ಟ್. ಜಿನ್ ಮತ್ತು ಡ್ರೈ ವರ್ಮೂತ್ ಸಮ ಸಮ ಹಾಕಿದರೆ ಫಿಫ್ಟಿ-ಫಿಫ್ಟಿ. ವರ್ಮೂತ್ ಜಾಸ್ತಿ, ಜಿನ್ ಕಡಿಮೆ ಆದರೆ ರಿವರ್ಸ್. ಅಮೆರಿಕದ ಹೆಸರಾಂತ ಅಡುಗೆ ಬರಹಗಾರ್ತಿ ಜೂಲಿಯಾ ಚೈಲ್ಡ್‌ಗೆ ರಿವರ್ಸ್ ತುಂಬಾ ಇಷ್ಟವಿತ್ತು.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಫಿಫ್ಟಿ-ಫಿಫ್ಟಿ. 45 ಮಿ.ಲೀ. ಜಿನ್, 45 ಮಿ.ಲೀ. ವರ್ಮೂತ್. ಖಾರ ಕಡಿಮೆ, ಪರಿಮಳ ಹೆಚ್ಚು. ಇದು ಹಿಡಿಸಿದ ಮೇಲೆ ನಿಧಾನವಾಗಿ ಜಿನ್ ಏರಿಸುತ್ತಾ ಹೋಗಿ.

ನಿಂಬೆ ಸಿಪ್ಪೆಯೋ, ಆಲಿವ್ವೋ?

ನಾನು ಸಿಪ್ಪೆ ಕಡೆಯವನು. ಆದರೆ ಒಂದು ತೊಂದರೆ ಇದೆ. ಇಂಗ್ಲಿಷ್ ರೆಸಿಪಿಗಳಲ್ಲಿ ಹೇಳುವುದು ದಪ್ಪ ಸಿಪ್ಪೆಯ ಹಳದಿ ಲೆಮನ್. ನಮ್ಮ ಸಂತೆಯ ನಿಂಬೆಹಣ್ಣಿನ ಸಿಪ್ಪೆ ಕಾಗದದಷ್ಟು ತೆಳು, ಹಿಂಡಿದರೆ ಎಣ್ಣೆ ಬರುವುದು ಕಡಿಮೆ. ಅದಕ್ಕೆ ನಾನು ಹೇರಳೆಕಾಯಿ ತರುತ್ತೇನೆ. ಉಪ್ಪಿನಕಾಯಿಗೆ, ಚಿತ್ರಾನ್ನಕ್ಕೆ ಹಾಕುತ್ತೇವಲ್ಲ, ಅದೇ. ಸಿಪ್ಪೆ ದಪ್ಪ, ಹಿಂಡಿದರೆ ಚಿಮ್ಮುತ್ತದೆ, ಘಮ ಅಂತೂ ಕೋಣೆ ತುಂಬಾ. ಅದರ ಸಿಪ್ಪೆ ಹಾಕಿದ ಮಾರ್ಟಿನಿ ನನಗೆ ಲೆಮನ್ ಹಾಕಿದ್ದಕ್ಕಿಂತಲೂ ಇಷ್ಟ. ಗಜನಿಂಬೆಯೂ ಆಗುತ್ತದೆ. ಚಾಕುವಿನಲ್ಲಿ ಬರೀ ಹೊರಗಿನ ಬಣ್ಣದ ಪದರ ತೆಗೆಯಿರಿ. ಒಳಗಿನ ಬಿಳಿ ಭಾಗ ಬಂದರೆ ಕಹಿ.

ಆಲಿವ್ ಹಾಕುವುದಾದರೆ ಉಪ್ಪುನೀರಿನಲ್ಲಿ ಇರುವ ಹಸಿರು ಆಲಿವ್ ತನ್ನಿ, ಎಣ್ಣೆಯಲ್ಲಿ ಇರುವುದಲ್ಲ. ಹಾಕುವ ಮೊದಲು ಫ್ರಿಜ್‌ನಲ್ಲಿರಲಿ.

ಡರ್ಟಿ ಮಾರ್ಟಿನಿ ಹೇಗೆ?

ಆಲಿವ್ ಬಾಟಲಿಯ ಉಪ್ಪುನೀರನ್ನು ಸೇರಿಸಿದರೆ ಡರ್ಟಿ. ತಿಳಿ ಇದ್ದದ್ದು ಮಸುಕಾಗುತ್ತದೆ, ಅದಕ್ಕೇ ಆ ಹೆಸರು. ವೋಡ್ಕಾ ಅಥವಾ ಜಿನ್ 60, ಡ್ರೈ ವರ್ಮೂತ್ 10, ಆಲಿವ್ ನೀರು 10 ಮಿ.ಲೀ.

ನಮ್ಮ ಮನೆಯಲ್ಲಿ ಮಿಡಿ ಉಪ್ಪಿನಕಾಯಿ ಹಾಕುವ ಕಾಲಕ್ಕೆ ನಾನು ಇನ್ನೊಂದನ್ನು ಮಾಡುತ್ತೇನೆ. ಅಪ್ಪೆಮಿಡಿಯನ್ನು ಕಲ್ಲುಪ್ಪಿನಲ್ಲಿ ಹಾಕಿಟ್ಟಾಗ ಭರಣಿಯಲ್ಲಿ ನೀರು ಬಿಡುತ್ತದಲ್ಲ, ಖಾರ ಕಲೆಸುವ ಮೊದಲು ಅದರಿಂದ ಒಂದು ಚಿಕ್ಕ ಬಟ್ಟಲು ತೆಗೆದಿಡಿ. ತೆಳು ಬಟ್ಟೆಯಲ್ಲಿ ಸೋಸಿ. ಆಲಿವ್ ನೀರಿಗಿಂತ ತುಂಬಾ ಉಪ್ಪು, ಹಾಗಾಗಿ 5 ಮಿ.ಲೀ. ಸಾಕು. ಇಲ್ಲಿ ಜಿನ್ ಬೇಡ, ವೋಡ್ಕಾ ಹಾಕಿ. ಮಿಡಿಯ ಸೊನೆಯ ಘಮಕ್ಕೆ ಜೂನಿಪರ್ ಅಡ್ಡ ಬರಬಾರದು. ಮಲೆನಾಡಿನ ನೆಂಟರಿಗೆ ಇದನ್ನು ಕೊಟ್ಟಾಗ ಮೂಗಿನ ಹತ್ತಿರ ಹಿಡಿದು ಒಂದು ಗಳಿಗೆ ಸುಮ್ಮನೆ ಕೂತರು. ಆ ಮುಖ ನನಗೆ ಇನ್ನೂ ನೆನಪಿದೆ.

ಗಿಬ್ಸನ್‌ಗೆ ಈರುಳ್ಳಿ ಎಲ್ಲಿ ಸಿಗುತ್ತದೆ?

ಮಾರ್ಟಿನಿಗೆ ಆಲಿವ್ ಬದಲು ವಿನೆಗರ್‌ನಲ್ಲಿ ನೆನೆಸಿದ ಪುಟ್ಟ ಈರುಳ್ಳಿ ಹಾಕಿದರೆ ಗಿಬ್ಸನ್. ಆ ಬಾಟಲಿ ಹುಡುಕಿ ಅಲೆಯಬೇಡಿ. ಸಾಂಬಾರ್ ಈರುಳ್ಳಿ ಇದೆಯಲ್ಲ! ಹದಿನೈದು ಇಪ್ಪತ್ತು ಚಿಕ್ಕವನ್ನು ಸುಲಿದು ಒಂದು ಗಾಜಿನ ಜಾಡಿಗೆ ಹಾಕಿ. 200 ಮಿ.ಲೀ. ಬಿಳಿ ವಿನೆಗರ್, 100 ಮಿ.ಲೀ. ನೀರು, ಒಂದು ಚಮಚ ಉಪ್ಪು, ಎರಡು ಚಮಚ ಸಕ್ಕರೆ, ನಾಲ್ಕು ಕಾಳುಮೆಣಸು ಕುದಿಸಿ ಸುರಿಯಿರಿ. ಆರಿದ ಮೇಲೆ ಫ್ರಿಜ್‌ಗೆ. ಎರಡು ದಿನ ಕಾಯಿರಿ. ಉಳಿದದ್ದು ಊಟಕ್ಕೆ ನಂಚಿಕೊಳ್ಳಲು ಆಗುತ್ತದೆ.

ಜಿನ್ ಇಷ್ಟವಿಲ್ಲ. ವೋಡ್ಕಾ ಹಾಕಬಹುದಾ?

ಹಾಕಬಹುದು. ಅಳತೆ ಅದೇ. ಪರಿಮಳ ಕಡಿಮೆ ಇರುವುದರಿಂದ ವರ್ಮೂತ್ ಮತ್ತು ಸಿಪ್ಪೆ ಎರಡೂ ಒಳ್ಳೆಯದೇ ಇರಬೇಕು.

ವೆಸ್ಪರ್ ಅಂದರೆ?

ಜಿನ್ ಮತ್ತು ವೋಡ್ಕಾ ಎರಡೂ ಇರುವ ಮಾರ್ಟಿನಿ. ಇಯಾನ್ ಫ್ಲೆಮಿಂಗ್ ಬರೆದು 1953ರಲ್ಲಿ ಪ್ರಕಟವಾದ ಮೊದಲ ಬಾಂಡ್ ಕಾದಂಬರಿಯಲ್ಲಿ ಬಂದದ್ದು. ಅದರಲ್ಲಿ ವರ್ಮೂತ್ ಬದಲು ಕೀನಾ ಲಿಲೆ ಎಂಬ ಫ್ರೆಂಚ್ ವೈನ್ ಹಾಕುತ್ತಾರೆ. ಆ ಹಳೆಯ ಲಿಲೆಯಲ್ಲಿ ಕ್ವಿನೈನ್ ಕಹಿ ಇತ್ತು. 1980ರ ದಶಕದಲ್ಲಿ ರೆಸಿಪಿ ಬದಲಾಗಿ, ಈಗಿನ ಲಿಲೆ ಬ್ಲಾಂಕ್ ಮೆದುವಾಗಿದೆ. ಜಿನ್ 45, ವೋಡ್ಕಾ 15, ಲಿಲೆ ಬ್ಲಾಂಕ್ 7.5 ಮಿ.ಲೀ. ಹಳೆಯ ಕಹಿ ಬೇಕಿದ್ದರೆ ಇಟಲಿಯ ಕೊಕ್ಕಿ ಅಮೆರಿಕಾನೊ ಎಂಬ ಕಹಿ ವೈನ್ ಹಾಕಿ. ಕಾದಂಬರಿಯಲ್ಲಿ ಇದನ್ನು ಶೇಕ್ ಮಾಡಲು ಹೇಳುತ್ತಾರೆ. ಇದೊಂದನ್ನು ನಾನೂ ಶೇಕ್ ಮಾಡುತ್ತೇನೆ.

ಮಾರ್ಟಿನಿ ಮೊದಲು ಮಾಡಿದ್ದು ಯಾರು?

ಕ್ಯಾಲಿಫೋರ್ನಿಯಾದ ಮಾರ್ಟಿನೆಜ್ ಊರಿನವರು ನಮ್ಮದು ಅನ್ನುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದವರು ನಮ್ಮದು ಅನ್ನುತ್ತಾರೆ. ನ್ಯೂಯಾರ್ಕಿನ ನಿಕರ್‌ಬಾಕರ್ ಹೋಟೆಲ್ ಹೆಸರೂ ಕೇಳಿಬರುತ್ತದೆ. ಕಾಗದದ ಮೇಲೆ ಇರುವುದು ಇಷ್ಟು: 1884ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ಬಾರ್ ಕೈಪಿಡಿಯಲ್ಲಿ ಮಾರ್ಟಿನಿಯ ಹಿಂದಿನ ರೂಪ ಅನ್ನಿಸಿಕೊಂಡ ‘ಮಾರ್ಟಿನೆಜ್’ ಎಂಬ ಕಾಕ್‌ಟೇಲ್ ಇದೆ. ಮ್ಯಾನ್‌ಹಟನ್‌ನಂತೆಯೇ ಮಾಡಿ, ವಿಸ್ಕಿ ಬದಲು ಜಿನ್ ಹಾಕಿ ಅಂತ ಒಂದೇ ಸಾಲು.

ಆ ಮಾರ್ಟಿನೆಜ್ ಮಾಡಿ ನೋಡಲೇಬೇಕು. ಜಿನ್ 45, ಸಿಹಿ ಕೆಂಪು ವರ್ಮೂತ್ 45, ಮರಸ್ಕೀನೊ ಲಿಕರ್ (ಚೆರ್ರಿಯ ಸಿಹಿ ಮದ್ಯ) ಒಂದು ಚಮಚ, ಬಿಟರ್ಸ್ ಎರಡು ಹನಿ. ಕಲಕಿ ಸೋಸಿ. ಮಾರ್ಟಿನಿ ಖಾರ ಅನ್ನುವವರಿಗೆ ಇದು ಹಿಡಿಸುತ್ತದೆ. ರಾತ್ರಿ ಊಟವಾದ ಮೇಲೆ ಇನ್ನೂ ಚೆನ್ನ.

ಎಸ್‌ಪ್ರೆಸೊ ಮಾರ್ಟಿನಿಗೆ ಮೆಷಿನ್ ಬೇಕೇ ಬೇಕಾ?

ಬೇಡ. ನಿಮ್ಮ ಮನೆಯ ಕಾಫಿ ಫಿಲ್ಟರ್ ಸಾಕು.

ಇದು ಲಂಡನ್ನಿನದು. 1980ರ ದಶಕದಲ್ಲಿ ಸೊಹೊದಲ್ಲಿ ಬಾರ್‌ಟೆಂಡರ್ ಡಿಕ್ ಬ್ರ್ಯಾಡ್‌ಸೆಲ್ ಮಾಡಿದ್ದು. ಮೊದಲಿಗೆ ‘ವೋಡ್ಕಾ ಎಸ್‌ಪ್ರೆಸೊ’ ಅಂತ ಕರೆದರು, ಮಾರ್ಟಿನಿ ಹೆಸರು ಆಮೇಲೆ ಅಂಟಿಕೊಂಡಿತು. ನಮಗೆ ಇದು ಸಲೀಸು. ದೇಶದ ಕಾಫಿಯಲ್ಲಿ ಮುಕ್ಕಾಲಿನ ಹತ್ತಿರ ಹತ್ತಿರ ಕರ್ನಾಟಕದಲ್ಲೇ ಬೆಳೆಯುತ್ತದೆ, ಡಿಕಾಕ್ಷನ್ ಇಳಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ವೋಡ್ಕಾ – 45 ಮಿ.ಲೀ.
ಗಟ್ಟಿ ಡಿಕಾಕ್ಷನ್ – 45 ಮಿ.ಲೀ.
ಕಾಫಿ ಲಿಕರ್ – 20 ಮಿ.ಲೀ.
ಸಕ್ಕರೆ ಪಾಕ – 10 ಮಿ.ಲೀ.

ಮೊದಲ ಡಿಕಾಕ್ಷನ್ ಮಾತ್ರ ತೆಗೆದುಕೊಳ್ಳಿ, ಎರಡನೇ ಸಲ ನೀರು ಹಾಕಿ ಇಳಿಸಿದ್ದು ಆಗುವುದಿಲ್ಲ. ದಿನಾ ಹಾಕುವುದಕ್ಕಿಂತ ಒಂದೂವರೆ ಪಟ್ಟು ಪುಡಿ ಹಾಕಿ, ಚೆನ್ನಾಗಿ ಅದುಮಿ. ಡಿಕಾಕ್ಷನ್ ಆರಬೇಕು, ಬಿಸಿಯದ್ದು ಹಾಕಿದರೆ ಐಸ್ ಕರಗಿ ತೆಳುವಾಗುತ್ತದೆ. ಆದರೆ ನಿನ್ನೆಯದು ಬೇಡ. ಶೇಕರ್ ತುಂಬಾ ಐಸ್ ಹಾಕಿ, ಹದಿನೈದು ಸೆಕೆಂಡು ಜೋರಾಗಿ ಶೇಕ್ ಮಾಡಿ. ನೊರೆ ಬರುವುದು ಕೈಯ ಜೋರಿನಿಂದ, ಹಾಗಾಗಿ ನಾಚಿಕೆ ಬೇಡ. ತಕ್ಷಣ ಸೋಸಿ ಸುರಿಯಿರಿ. ಮೇಲೆ ಮೂರು ಕಾಫಿ ಬೀಜ.

ಚಿಕೋರಿ ಇರುವ ಪುಡಿ ಆಗುತ್ತದಾ? ಆಗುತ್ತದೆ, ಕಹಿ ಮತ್ತು ಬಣ್ಣ ಸ್ವಲ್ಪ ಏರುತ್ತದೆ, ಪಾಕ 5 ಮಿ.ಲೀ. ಹೆಚ್ಚಿಸಿ. ನಾನು ಚಿಕೋರಿ ಇಲ್ಲದ ಪೀಬರಿ ಪುಡಿಯಲ್ಲಿ ಮಾಡುತ್ತೇನೆ.

ಆಪಲ್, ಲಿಚಿ, ಚಾಕೊಲೇಟ್ ಮಾರ್ಟಿನಿಗಳೂ ಮಾರ್ಟಿನಿಯೇ?

ಗ್ಲಾಸ್ ಮಾತ್ರ ಅದು. 1990ರ ದಶಕದಲ್ಲಿ ಆ ಮೂರು ಮೂಲೆಯ ಗ್ಲಾಸಿಗೆ ಏನು ಸುರಿದರೂ ಮಾರ್ಟಿನಿ ಅಂತ ಕರೆಯುವ ರೂಢಿ ಬಂತು. ಹಣ್ಣಿನ ಕಾಕ್‌ಟೇಲ್ ಬೇಕೆಂದವರು ಕೊಡಗಿನ ಪ್ಯಾಶನ್ ಫ್ರೂಟ್ ತಿರುಳು, ವೋಡ್ಕಾ, ಸ್ವಲ್ಪ ಪಾಕ, ನಿಂಬೆರಸ ಹಾಕಿ ಶೇಕ್ ಮಾಡಿ ನೋಡಿ. ಹೆಸರು ಏನಾದರೂ ಇರಲಿ, ರುಚಿ ಸೊಗಸು.

ಹತ್ತು ಜನ ಬರುತ್ತಾರೆ. ಒಂದೊಂದೇ ಕಲಕುತ್ತಾ ಕೂರಬೇಕಾ?

ಬೇಡ, ಹಿಂದಿನ ದಿನವೇ ಬಾಟಲಿಯಲ್ಲಿ ಮಾಡಿಡಿ. ಒಂದು 750 ಮಿ.ಲೀ. ಖಾಲಿ ಬಾಟಲಿಗೆ ಜಿನ್ 560, ಡ್ರೈ ವರ್ಮೂತ್ 110, ಕುಡಿಯುವ ನೀರು 70 ಮಿ.ಲೀ. ಹಾಕಿ. ಅಲುಗಿಸಿ ರಾತ್ರಿ ಫ್ರೀಜರ್‌ನಲ್ಲಿಡಿ. ಮರುದಿನ ಫ್ರೀಜರ್‌ನಲ್ಲಿಟ್ಟ ಗ್ಲಾಸಿಗೆ ನೇರ ಸುರಿಯಿರಿ, ಐಸ್ ಬೇಡ. ಚಿಕ್ಕ ಗ್ಲಾಸಿಗೆ ಹತ್ತು ಜನಕ್ಕೆ ಸರಿಯಾಗುತ್ತದೆ.

ನೀರು ಯಾಕೆ ಅಂದರೆ, ಇಲ್ಲಿ ಐಸ್ ಕರಗುವುದಿಲ್ಲವಲ್ಲ. ಆದರೆ 70ಕ್ಕಿಂತ ಜಾಸ್ತಿ ಹಾಕಬೇಡಿ, ಬಾಟಲಿಯೊಳಗೆ ಐಸ್ ಹರಳು ಕಟ್ಟಲು ಶುರುವಾಗುತ್ತದೆ. ನಮ್ಮಲ್ಲಿ ಸಿಗುವ ಜಿನ್ ಹೆಚ್ಚಾಗಿ ಶೇ. 42.8. ಈ ಲೆಕ್ಕದಲ್ಲಿ ಮಿಶ್ರಣ ಶೇ. 35ರ ಆಸುಪಾಸು ನಿಲ್ಲುತ್ತದೆ, ಮನೆಯ ಫ್ರೀಜರ್‌ನಲ್ಲಿ ಹೆಪ್ಪುಗಟ್ಟುವುದಿಲ್ಲ.

ಶೇಕರ್, ಜಿಗ್ಗರ್ ಎಲ್ಲ ಕೊಳ್ಳಬೇಕಾ?

ಸ್ಟೀಲ್ ಪೆಗ್ ಅಳತೆ ಒಂದು ತನ್ನಿ, ಒಂದು ಕಡೆ 30, ಇನ್ನೊಂದು ಕಡೆ 60 ಇರುವುದು. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಕಲಕಲು ದಪ್ಪ ಗಾಜಿನ ಲೋಟ, ಸೋಸಲು ಚಹಾ ಸೋಸುವ ಜಾಲರಿ ಸಾಕು. ಶೇಕ್ ಮಾಡಲು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೂ ಆಗುತ್ತದೆ. ಗ್ಲಾಸ್ ಮಾತ್ರ ಚಿಕ್ಕದು ಕೊಳ್ಳಿ, 120ರಿಂದ 150 ಮಿ.ಲೀ. ಹಿಡಿಯುವುದು. ದೊಡ್ಡ ಗ್ಲಾಸಿನಲ್ಲಿ ಕೊನೆಯ ಗುಟುಕು ಬರುವ ಹೊತ್ತಿಗೆ ಬೆಚ್ಚಗಾಗಿರುತ್ತದೆ.

ಎಷ್ಟು ಕುಡಿಯಬಹುದು?

ಇದು ನೋಡಲು ಚಿಕ್ಕದು, ಆದರೆ ಗಟ್ಟಿ. ಒಂದು ಮಾರ್ಟಿನಿಯಲ್ಲಿ ಸುಮಾರು 28 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ. 5ರ 650 ಮಿ.ಲೀ. ಬಿಯರ್ ಬಾಟಲಿಯಲ್ಲಿ ಇರುವುದು 32. ಅಂದರೆ ಹೆಚ್ಚು ಕಡಿಮೆ ಒಂದು ದೊಡ್ಡ ಬಿಯರ್ ನಾಲ್ಕೈದು ಗುಟುಕಿನಲ್ಲಿ ಒಳಗೆ ಹೋಗುತ್ತದೆ. ಮಾರ್ಟಿನಿಗೇ ಹೆಸರಾದ ಲಂಡನ್ನಿನ ಡ್ಯೂಕ್ಸ್ ಬಾರ್‌ನಲ್ಲಿ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೊಡುವುದಿಲ್ಲ. ಮನೆಯಲ್ಲಿ ನನ್ನ ಲೆಕ್ಕ ಒಂದು. ಜೊತೆಗೆ ಒಂದು ದೊಡ್ಡ ಲೋಟ ನೀರು, ಕಾಂಗ್ರೆಸ್ ಕಡಲೆಕಾಯಿ. ಖಾಲಿ ಹೊಟ್ಟೆಯಲ್ಲಿ ಬೇಡ. ಕುಡಿದ ಮೇಲೆ ಯಾರೂ ಗಾಡಿ ಮುಟ್ಟಬಾರದು, ಬಂದವರಿಗೆ ಆಟೊ ಅಥವಾ ಕ್ಯಾಬ್ ನೀವೇ ಮಾಡಿಕೊಡಿ. 21 ತುಂಬದವರಿಗೆ ಕೊಡಬೇಡಿ.

ವರ್ಮೂತ್ ಅರ್ಧ ಬಾಟಲಿ ಉಳಿದಿದೆ, ತಿಂಗಳಾಗುತ್ತಾ ಬಂತು. ಏನು ಮಾಡಲಿ?

ಡ್ರೈ ವರ್ಮೂತ್ ಆದರೆ ಒಂದು ಲೋಟಕ್ಕೆ ಐಸ್ ತುಂಬಿ, 60 ಮಿ.ಲೀ. ವರ್ಮೂತ್, ಮೇಲೆ ಸೋಡಾ, ಒಂದು ಚೂರು ಕಿತ್ತಳೆ ಸಿಪ್ಪೆ. ಬೇಸಿಗೆಯ ಸಂಜೆಗೆ ಹಗುರವಾದ ಪಾನೀಯ. ಅಣಬೆ ಹುರಿಯುವಾಗ, ಮೀನು ಬೇಯಿಸುವಾಗ ಎರಡು ಚಮಚ ಹಾಕಿದರೂ ಚೆನ್ನ.

ಕೆಂಪು ವರ್ಮೂತ್ ಉಳಿದಿದ್ದರೆ ನೆಗ್ರೋನಿ ಮಾಡಿ: ಜಿನ್, ಕಂಪಾರಿ (ಇಟಲಿಯ ಕೆಂಪು, ಕಹಿ ಲಿಕರ್), ಸಿಹಿ ವರ್ಮೂತ್ ತಲಾ 30 ಮಿ.ಲೀ. ಇದನ್ನು ಐಸ್ ಇರುವ ಲೋಟದಲ್ಲೇ ಕಲಕಿ ಕುಡಿಯುವುದು. ಇಲ್ಲವೇ ಮ್ಯಾನ್‌ಹಟನ್: ರೈ ವಿಸ್ಕಿ 50, ಸಿಹಿ ವರ್ಮೂತ್ 20, ಆಂಗೊಸ್ಟುರಾ ಬಿಟರ್ಸ್ ಒಂದೆರಡು ಹನಿ. ರೈ ಸಿಗದಿದ್ದರೆ ಬರ್ಬನ್ ಹಾಕಿ. ಇದನ್ನೂ ಮಾರ್ಟಿನಿಯ ಹಾಗೆ ಕಲಕಿ, ಸೋಸಿ, ತಣ್ಣನೆಯ ಗ್ಲಾಸಿಗೆ.